ಇಲ್ಲದ ಕಸದ ಬುಟ್ಟಿ

ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದ ಕೆಲಸ ಇನ್ನೊಂದರಲ್ಲೂ ನಡೆದೇ ತೀರುತ್ತದೆ ಎಂದು ನಂಬುವವರು ಎರಡೇ ಬಗೆಯವರು. ಕಂಪ್ಯೂಟರನ್ನು ಮುಟ್ಟದವರು ಮತ್ತು ನನ್ನ ಹಾಗೆ ಅದರಿಂದಲೇ ಹೊಟ್ಟೆ ಹೊರೆಯುವವರು. ಮೊದಲನೆಯವರನ್ನು ಕ್ಷಮಿಸಬಹುದು. ನಾನು ಬಳಸುವುದು ಬರೀ ಬರೆಯಲಿಕ್ಕೆಂದೇ ಇರುವ ಒಂದು ಸಾದಾ ಎಡಿಟರ್. ಬರೆಯುತ್ತ ಕೂತಲ್ಲೇ ಫೈಲಿನ ಹೆಸರು ಬದಲಿಸಲು, ಬೇರೆ ಫೋಲ್ಡರಿಗೆ ಸಾಗಿಸಲು, ಬೇಡವಾದರೆ ಕಸದ ಬುಟ್ಟಿಗೆ ಎಸೆಯಲು ಅದಕ್ಕೆ ಅಂಟಿಕೊಳ್ಳುವ ಒಂದು ಪುಟ್ಟ ಪ್ಲಗಿನ್ ಬರೆದೆ. ನನ್ನ ಕಂಪ್ಯೂಟರು ನಡೆಯುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ವಿಂಡೋಸ್‌ನಲ್ಲಿ ಫೋಲ್ಡರುಗಳ ಹೆಸರುಗಳ ನಡುವೆ ಹಾಕುವ ಓರೆಗೆರೆ ಕೂಡ ಇನ್ನೊಂದು ಕಡೆಗೆ ವಾಲುತ್ತದೆ. ಆ ಗೆರೆಯನ್ನು ಸರಿಪಡಿಸಿದ್ದೇ ತಡ, ಇನ್ನು ಯಾವ ಕಂಪ್ಯೂಟರಾದರೂ ನನಗೆ ಲೆಕ್ಕವಿಲ್ಲವೆಂದು ಲಿಂಗಂಪಲ್ಲಿಯ ನಮ್ಮ ಫ್ಲಾಟಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಹೆಂಡತಿಯ ವಿಂಡೋಸ್ ಲ್ಯಾಪ್‌ಟಾಪಿಗೂ ಅದನ್ನು ಹಾಕಿಕೊಟ್ಟೆ. ಅವಳು ಕೇಳಿರಲಿಲ್ಲ.

ಹೆಂಡತಿ ರೇಣುಕಾ ಕಲಬುರಗಿಯವಳು. ಈ ತೆಲುಗು ಊರಿನ ಕನ್ನಡ ಸಂಘದ ಹೆಂಗಸರಿಗಾಗಿ ನಾಟಕ ಬರೆಯುತ್ತಿದ್ದಳು, ದೃಶ್ಯಕ್ಕೊಂದು ಫೈಲು: ಅತ್ತೆಯದೊಂದು, ಆಟೋದವನದೊಂದು, ಹೀಗೆ. ಅವಳ ಕ್ರಮವೇ ಬೇರೆ. ಮೈಸೂರಿನಿಂದ ನಮ್ಮಮ್ಮ ಫೋನ್ ಮಾಡಿದ ದಿನ ನಾಟಕದ ಅತ್ತೆಯ ದೃಶ್ಯ ಬುಟ್ಟಿಗೆ ಬೀಳುತ್ತಿತ್ತು. ಸಿಟ್ಟು ಇಳಿದ ಮೇಲೆ, ಚಹಾ ಕುಡಿಯುತ್ತ, ಅದನ್ನು ಹೊರಗೆ ತೆಗೆಯುತ್ತಿದ್ದಳು. ಹೀಗೆ ಬುಟ್ಟಿಗೆ ಹೋಗಿ ಬಂದು, ಹೋಗಿ ಬಂದು ಆ ದೃಶ್ಯ ಪಳಗಿ ಬಹಳ ಚೆನ್ನಾಗಿ ಬಂದಿತ್ತು. ಅತ್ತೆಯ ಪಾತ್ರ ಸಂಘದ ಶಾಂತಕ್ಕನದು. ಅವರು ಒಲ್ಲೆನೆಂದರೆ ನಾಟಕವೇ ಇಲ್ಲ, ಯಾಕೆಂದರೆ ಅಬಿಡ್ಸ್‌ನಲ್ಲಿ ಹಾಲ್ ಗೊತ್ತು ಮಾಡಿಕೊಟ್ಟವರೂ ಅವರೇ. ಭಾನುವಾರ ಪ್ರದರ್ಶನ, ಆ ವಾರದ ಮೊದಲಿಗೇ ಅವರ ಫೋನು ಬಂತು. "ನನ್ನ ಸೀನ್ ತಗದೀರಂತ? ಅದನ್ನ ವಾಪಸ್ ಹಾಕ್ರಿ, ಇಲ್ಲಂದ್ರ ನಾ ಬರಂಗಿಲ್ರಿ."

ರೇಣುಕಾ ಲ್ಯಾಪ್‌ಟಾಪ್ ತೆರೆದಳು. ಸ್ವಲ್ಪ ಹೊತ್ತಿಗೆ ಕೂಗಿದಳು, "ಏನ್ರಿ, ಅತ್ತಿ ಎಲ್ಲಿ ಹೋದ್ಳು?"

"ಬುಟ್ಟಿಯಲ್ಲಿ ನೋಡು."

"ನೋಡೀನಿ. ಅತ್ತಿ ಇಲ್ಲ. ಆಟೋದವ ಕುಂತಾನ."

ಹೋಗಿ ಪ್ಲಗಿನ್ ಬಿಚ್ಚಿ ನೋಡಿದೆ. ಎಸೆದ ಫೈಲನ್ನು "ಬುಟ್ಟಿ" ಎಂಬ ಫೋಲ್ಡರಿನೊಳಕ್ಕೆ ಸಾಗಿಸು ಎಂಬುದು ನನ್ನ ಪ್ಲಗಿನ್‌ನ ಆಜ್ಞೆ. ಆ ಫೋಲ್ಡರನ್ನು ನನ್ನ ಕಂಪ್ಯೂಟರಿನಲ್ಲಿ ನಾನೇ ಎಂದೋ ಕೈಯಾರೆ ಮಾಡಿಟ್ಟು ಮರೆತಿದ್ದೆ. ಅವಳದರಲ್ಲಿ ಅದು ಇರಲಿಲ್ಲ. ಇಲ್ಲದ ಕಡೆ ಕಂಪ್ಯೂಟರು, ಈ ಫೈಲಿಗೇ ಬುಟ್ಟಿ ಎಂದು ಹೆಸರಿಡಬೇಕೇನೋ ಎಂದುಕೊಂಡಿತು. ಅತ್ತೆ ಬುಟ್ಟಿಯಾದಳು; ಅವಳೊಬ್ಬಳೇ ಹೋಗಿ ಬರುತ್ತಿದ್ದ ತನಕ ಅದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಎಸೆದ ಆಟೋದವನೂ ಬುಟ್ಟಿಯಾಗಿ, ಅತ್ತೆಯನ್ನು ಅಳಿಸಿ ಅದೇ ಜಾಗದಲ್ಲಿ ಕೂತ.

"ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ನಡೀತಿದೆಯಲ್ಲ," ಎಂದೆ. ನಮ್ಮ ವೃತ್ತಿಯವರ ಬಾಯಿಂದ ಮೊದಲು ಬರುವ ಮಾತೇ ಅದು.

"ಹಂಗಿದ್ರ ನಾಟಕಾನೂ ನಿಮ್ಮ ಲ್ಯಾಪ್‌ಟಾಪಿನ್ಯಾಗ ಆಡಿಸ್ರಿ," ಎಂದಳು.

ಫೋಲ್ಡರ್ ಇಲ್ಲದಿದ್ದರೆ ಮೊದಲು ಮಾಡು, ಆಯಾ ಕಂಪ್ಯೂಟರಿನ ಸ್ವಂತ ಬುಟ್ಟಿ ಎಲ್ಲಿದೆಯೆಂದು ಅದನ್ನೇ ಕೇಳು ಎಂದು ಪ್ಲಗಿನ್ ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅತ್ತೆ ಮಾತ್ರ ವಾಪಸು ಬರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಚಹಾ ಮಾಡಿಕೊಟ್ಟೆ, ಕೇಳದಿದ್ದರೂ ಅವಲಕ್ಕಿ ಕಲಸಿಕೊಟ್ಟೆ. ರೇಣುಕಾ ಹೊಸ ದೃಶ್ಯ ಬರೆಯುತ್ತ ಕೂತಳು.

ಹೊಸದರಲ್ಲಿ ಅತ್ತೆಯ ಮನೆಗೆ ಅಳಿಯ ಬರುತ್ತಾನೆ. ತನ್ನ ಮನೆಯಲ್ಲಿ ಟವೆಲ್ಲು ಬಾಗಿಲ ಹಿಂದೆ ಇರುತ್ತದೆಂದು ಇಲ್ಲಿಯೂ ಒದ್ದೆ ಮುಖದಲ್ಲಿ ಬಾಗಿಲ ಹಿಂದೆ ತಡಕಾಡಿ, ಅಲ್ಲಿ ತೂಗುತ್ತಿದ್ದ ಅತ್ತೆಯ ಹೊಸ ರೇಷ್ಮೆ ಸೀರೆಗೆ ಮುಖ ಒರೆಸಿಕೊಳ್ಳುತ್ತಾನೆ. ಆಮೇಲೆ ಪೂರ್ತಿ ಬೈಗುಳ. ಬೈಯುವುದು ಹೆಚ್ಚಾಯಿತೆಂದು ಶಾಂತಕ್ಕನಿಗೆ ಬಹಳ ಖುಷಿ. ಅಳಿಯನ ಪಾತ್ರಕ್ಕೆ ಯಾರೂ ಇರಲಿಲ್ಲ. ರೇಣುಕಾ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದಿದ್ದಳು.

ಭಾನುವಾರ ಜನ ಬಿದ್ದು ಬಿದ್ದು ನಕ್ಕರು. ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಕೈ ಕುಲುಕಿ, "ಎಷ್ಟು ಸಹಜವಾಗಿ ಮಾಡಿದ್ರಿ! ಎಷ್ಟು ದಿನದ ಪ್ರಾಕ್ಟೀಸು?" ಎಂದರು. ನಾನು ಉಬ್ಬಿಹೋಗಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ರೇಣುಕಾ ಉತ್ತರ ಕೊಟ್ಟಳು.

"ಲಗ್ನ ಆದಾಗಿಂದ್ರಿ."