ಕಾವ್ಯ ಕೇಳಲು ಬಂದವರು

ಆ ಭಾನುವಾರ ಬೆಳಿಗ್ಗೆ ಶಿವಶರಣಪ್ಪನವರು ತಮ್ಮ ಮೆಚ್ಚಿನ ಹಳಗನ್ನಡ ಕಾವ್ಯವನ್ನು ಮನಸ್ಸಿನಲ್ಲೇ ಓದಿಕೊಂಡಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಸಂಜೆಗೆ ಬಬಲೇಶ್ವರದಿಂದ ಯಾಕೂಬ ಮಾಸ್ತರರು ಬರುವವರಿದ್ದರು. ಕಳೆದ ವಾರ ಬಸ್ಸಿನಲ್ಲಿ ಪರಿಚಯವಾದ ಕನ್ನಡ ಮಾಸ್ತರರು, ಹಳೆಯ ಕಾವ್ಯವನ್ನು ರಾಗವಾಗಿ ಓದಬಲ್ಲವರು. ಅವರ ಮುಂದೆ ಮರ್ಯಾದೆ ಉಳಿಯಬೇಕಲ್ಲ! ಗಂಟಲು ಹದ ಮಾಡಿಕೊಳ್ಳಲು ಶಿವಶರಣಪ್ಪನವರು ಜಲನಗರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ದನಿ ಎತ್ತಿದರು.

ಕಚೇರಿಯಲ್ಲಿ ಜನರ ದೂರು ಕೇಳುವ ಕೆಲಸ ಅವರದು. ವಾರವಿಡೀ ಬೈಗುಳವಾಗಿಯೇ ಕಿವಿಗೆ ಬೀಳುವ ಕನ್ನಡ, ಆ ಪದ್ಯಗಳಲ್ಲಿ ಮಾತ್ರ ಅವರನ್ನು ಪ್ರೀತಿಯಿಂದ ಮಾತಾಡಿಸುತ್ತಿತ್ತು. ಆ ಸುಖವನ್ನು ಹಂಚಿಕೊಳ್ಳಲು ಒಬ್ಬರಾದರೂ ಬೇಕಿತ್ತು. ಹೆಂಡತಿ ದಾನೇಶ್ವರಿ ಎರಡನೇ ಪದ್ಯಕ್ಕೇ ಗೊರಕೆ ಹೊಡೆಯುತ್ತಿದ್ದಳು.

"ಕಾವ್ಯ ಕೇಳಕೋತ ನಿದ್ದಿ ಮಾಡೋರಿಗೆ ಎದಿನ ಇಲ್ಲ" ಎಂದು ಅವರು ಆಕೆಯನ್ನು ಹಂಗಿಸುತ್ತಿದ್ದರು. ಬಸ್ಸಿನಲ್ಲಿ ಇದೇ ಮಾತು ಕೇಳಿ ಮಾಸ್ತರರು ಕೈ ಕುಲುಕಿದ್ದರು.

ಓದು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ರಾತ್ರಿಯೆಲ್ಲ ಕಿರುಚಿದ್ದ ಬಾಜೂ ಮನೆಯ ಜೀನತಳ ಕೂಸು ಗಪ್ಪನೆ ಮಲಗಿತು. ಎದುರು ಮನೆಯ ಮಾಳವ್ವ ಅದನ್ನು ನೋಡಿಬಿಟ್ಟಳು.

"ತಮ್ಮಾ, ನಿನ್ನ ಮಂತ್ರ ಭಾರಿ ಐತಿ ನೋಡ!"

"ಮಂತ್ರ ಅಲ್ಲಬೇ ಯವ್ವಾ, ಕಾವ್ಯ. ರಾಜಾ ಯುದ್ಧಕ್ಕ ಹೋಗ್ಯಾನ, ರಾಣಿ ದಾರಿ ಕಾಯಾಕತ್ತಾಳ..."

ಮಾಳವ್ವ ಎರಡೂ ಕಿವಿ ಮುಚ್ಚಿಕೊಂಡಳು. "ಅರ್ಥ ಹೇಳಬ್ಯಾಡೋ ಯಪ್ಪಾ! ಅರ್ಥ ಗೊತ್ತಾದ್ರ ಮಂತ್ರ ಹತ್ತಂಗಿಲ್ಲ."

ಚಹಾ ಕುಡಿಯುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಹಲ್ಲು ಬರುತ್ತಿದ್ದ ಕೂಸುಗಳು, ಹಟಮಾರಿ ಕೂಸುಗಳು ಸೊಂಟವೇರಿ ಬಂದವು. ರಾತ್ರಿ ಪಾಳಿ ಮಾಡುವ ಜಾವೀದ ತಲೆದಿಂಬು ಸಮೇತ ಬಂದು ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿದ.

"ಶುರು ಮಾಡ್ರಿ ಸರ. ನಾ ಏನೂ ಕೇಳಂಗಿಲ್ಲ, ಬರೇ ಮಲಗತೇನಿ."

ಶಿವಶರಣಪ್ಪನವರಿಗೆ ಅಳು ಬಂದಂತಾಯಿತು. ಆದರೆ ಅಳುವ ಕೂಸನ್ನು ಎದುರಿಗಿಟ್ಟುಕೊಂಡು ತಾವು ಅಳುವುದು ಹೇಗೆ? ಓದಿದರು. ರಾಣಿ ಕೋಟೆಯ ಮೇಲೆ ನಿಂತಳು, ಕಣ್ಣು ಸೋತಿತು, ಇನ್ನೇನು ದೂರದಲ್ಲಿ ರಾಜನ ಕುದುರೆಯ ಧೂಳು ಕಾಣಬೇಕು. ಆ ಪದ್ಯವೆಂದರೆ ಅವರಿಗೆ ಪ್ರಾಣ. ಪ್ರತಿ ಸಲ ಅಷ್ಟರಲ್ಲಿ ಕೂಸು ಮಲಗುತ್ತಿತ್ತು, ಮಾಳವ್ವ ಕೈ ಎತ್ತುತ್ತಿದ್ದಳು.

"ಸಾಕ ತಮ್ಮಾ. ಮುಂದಿನವರು ಬರ್ರಿ!"

ಮತ್ತೆ ಮೊದಲಿನಿಂದ. ಊಟವೂ ತಪ್ಪಿತು. ಸಂಜೆಯ ಹೊತ್ತಿಗೆ ಅವರ ಗಂಟಲು ಬಾಡಿಗೆ ಸೈಕಲ್ಲಿನ ಹಾರ್ನಿನಂತಾಗಿತ್ತು. ಮಾಳವ್ವ ಕೊನೆಯ ಕೂಸನ್ನು ಕಳಿಸುತ್ತಿರುವಾಗ ಯಾಕೂಬ ಮಾಸ್ತರರು ಬಂದೇಬಿಟ್ಟರು.

"ಬಸ್ಸಿನ್ಯಾಗ ನಿಂತಕೊಂಡ ಬಂದೇನ್ರಿ. ಓದ್ರಿ, ಕೇಳೋಣು."

ಶಿವಶರಣಪ್ಪನವರು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಮಾಸ್ತರರಿಗೆ ಕನಿಕರವಾಯಿತು. "ಇರಲಿ ಬಿಡ್ರಿ, ಇವತ್ತ ನಾನ ಓದತೇನಿ" ಎಂದು ಪುಸ್ತಕ ತಗೊಂಡರು.

ಆಹಾ, ಆ ದನಿ! ಒಂದೊಂದು ಶಬ್ದವೂ ತೊಳೆದಿಟ್ಟ ಹಾಗೆ ಬರುತ್ತಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ತಮ್ಮ ಮೆಚ್ಚಿನ ಕಾವ್ಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದ ಶಿವಶರಣಪ್ಪನವರ ಕಣ್ಣು ತುಂಬಿತು. ಅವರು ಗೋಡೆಗೆ ಒರಗಿದರು. ರಾಣಿ ಕೋಟೆಯ ಮೇಲೆ ನಿಂತಳು, ಕಣ್ಣು ಸೋತಿತು...

ಕಣ್ಣು ಬಿಟ್ಟಾಗ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಮಾಸ್ತರರ ಕುರ್ಚಿ ಖಾಲಿ ಇತ್ತು. ಮೈಮೇಲೆ ಯಾರೋ ಚಾದರ ಹೊದಿಸಿದ್ದರು.

"ಮಾಸ್ತರ... ರಾಜಾ ಬಂದನೇನ್ರಿ?" ಎಂದರು ಪಿಸುದನಿಯಲ್ಲಿ.

"ರಾಜಾಂದು ಗೊತ್ತಿಲ್ಲ. ಮಾಸ್ತರು ಹೋದ್ರು" ಎಂದಳು ದಾನೇಶ್ವರಿ. "ನಿಮ್ಮ ಗೊರಕಿ ಕೇಳಿ ಪುಸ್ತಕ ಮುಚ್ಚಿಟ್ರು. ನೀವು ಬಸ್ಸಿನ್ಯಾಗ ಹೇಳಿದ ಮಾತು ಖರೇ ಐತಿ ಅಂತ ಹೇಳಂದ್ರು."

ಶಿವಶರಣಪ್ಪನವರು ಚಾದರದಲ್ಲಿ ಮುಖ ಹುದುಗಿಸಿದರು. ಅಷ್ಟರಲ್ಲಿ ಬಾಜೂ ಮನೆಯ ಕೂಸು ಎದ್ದು ಕಿರುಚತೊಡಗಿತು. ಮಾಳವ್ವ ಬಾಗಿಲಿಗೇ ಬಂದಳು.

"ತಮ್ಮಾ, ನೀ ಮಲಕ್ಕೊ. ನಿನ್ನಂಥಾವನ್ನ ಮಲಗಿಸ್ಯಾರ ಅಂದ್ರ ಅವರ ಮಂತ್ರನ ಖರೇದು. ಆ ಮಾಸ್ತರ ಫೋನ್ ನಂಬರ ಅಷ್ಟ ಕೊಡ."