ಕುಡಿದ ತಾಮ್ರದ ವಸೂಲಿ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಮದರಾಸಿನ ಕೀಲ್ಪಾಕಿನಲ್ಲಿದ್ದ ವಿಷ್ಣುತೀರ್ಥಾಚಾರ್ಯರ ಮನೆಯ ಬಾಡಿಗೆದಾರರು ಆ ಮನೆಯ ಕೊಳಾಯಿಯನ್ನು ಸ್ವಲ್ಪಸ್ವಲ್ಪವಾಗಿ ಕುಡಿದು ಮುಗಿಸುತ್ತಿದ್ದರೆಂಬುದು ಮಾಲೀಕರ ಪರಿಶೀಲನೆಯಿಂದ ಸಾಬೀತಾದ ಸಂಗತಿ.

ಕೊಳಾಯಿ ತಾಮ್ರದ್ದು. ಕಬ್ಬಿಣದಲ್ಲಿ ಹರಿದ ನೀರು ಮಡಿಗೆ ಬಾರದೆಂದು, ಸ್ವದೇಶಕ್ಕೆ ಹೊರಟಿದ್ದ ದೊರೆಯೊಬ್ಬರ ಬಂಗಲೆಯ ಹರಾಜಿನಲ್ಲಿ ಆಚಾರ್ಯರು ಅದನ್ನು ಕೊಂಡು ಹಾಕಿಸಿದ್ದರು. ಬರಬರುತ್ತ ಕಿಲುಬು ಹಿಡಿದು ನೀರು ಹಸಿರಾಗಿ ಬರತೊಡಗಿತು. ಕೆಳಗಿನ ಭಾಗದಲ್ಲಿ ಊಟದ ಮೆಸ್ ನಡೆಸುತ್ತಿದ್ದ ರತ್ನಾವತಿ, ಅನ್ನದ ಬಣ್ಣವೂ ಕೆಡುತ್ತಿದೆ ಎಂದು ದೂರಿದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾಗಿದ್ದ ಆಚಾರ್ಯರು ದೂರನ್ನು ಕೂಲಂಕಷವಾಗಿ ಪರಿಶೀಲಿಸಿ, ಮೆಟ್ಟಿಲ ಬಳಿ ಪ್ರಕಟಣೆ ಅಂಟಿಸಿದರು:

"ನೀರಿನಲ್ಲಿ ಕಾಣುವ ಹಸಿರು ಮಾಲೀಕರ ತಾಮ್ರವಾಗಿರುತ್ತದೆ. ಅದನ್ನು ಬಾಡಿಗೆದಾರರು ಸೇವಿಸುತ್ತಿರುವುದು ಅವರ ದೂರಿನಿಂದಲೇ ಸಿದ್ಧವಾಗಿದೆ. ಆದ್ದರಿಂದ ಪ್ರತಿ ಸಂಸಾರವೂ ತಿಂಗಳ ಮೊದಲ ದಿನ ಒಂದು ತಾಮ್ರದ ಪಾತ್ರೆಯನ್ನು ಹಿಂದಿರುಗಿಸತಕ್ಕದ್ದು. ಪಾತ್ರೆಯನ್ನು ಹುಣಸೆಹುಳಿ ಹಾಕಿ ತಿಕ್ಕಿರಬೇಕು."

ಹಿಂಭಾಗದ ಬಾಡಿಗೆದಾರರಾದ ಭೀಮಾಬಾಯಿ, ತಾವು ಬಾವಿಯ ನೀರನ್ನೇ ಕುಡಿಯುವುದಾಗಿ ಅರಿಕೆ ಮಾಡಿಕೊಂಡರು. ಅವರ ಪಾಲಿನ ತಾಮ್ರವನ್ನೂ ಉಳಿದವರೇ ಕುಡಿಯಬೇಕಾಗಿ ಬಂದಿರುವುದರಿಂದ ಅವರು ಎರಡು ಪಾತ್ರೆ ಕೊಡಬೇಕೆಂದು ತೀರ್ಮಾನವಾಯಿತು. ಮರುದಿನದಿಂದ ಭೀಮಾಬಾಯಿ ಕೊಳಾಯಿ ನೀರು ಕುಡಿದರು.

ಮೊದಲ ತಿಂಗಳು ರತ್ನಾವತಿ ತಮ್ಮ ಹೆಸರು ಕೆತ್ತಿಸಿದ್ದ ಹರಿವಾಣ ಕೊಟ್ಟರು. ಇನ್ನು ಉಳಿದಿದ್ದ ತಾಮ್ರವೆಂದರೆ ತಾಯಿಯ ಚೊಂಬು. ಕುಂದಾಪುರದಿಂದ ಮದರಾಸಿಗೆ ಬಂದಿಳಿದಾಗ ಅವರ ಕೈಯಲ್ಲಿದ್ದದ್ದು ಅದೊಂದೇ. ಅದನ್ನು ಕೊಡಲಾರೆ ಎಂದರು.

"ಹಾಗಾದರೆ ಮನೆ ಬಿಡಬೇಕಾಗುತ್ತೆ. ನಿಮ್ಮ ಮೇಲೆ ನನಗೆ ಕೋಪ ಇಲ್ಲಮ್ಮ, ನಿಯಮ" ಎಂದರು ಆಚಾರ್ಯರು.

ಅದೇ ವಾರ ಆಚಾರ್ಯರ ಅಡುಗೆಮನೆಯ ಕೊಳಾಯಿ ತೂತಾಯಿತು. ಬೆಸುಗೆ ಹಾಕಲು ಬಂದ ತಮಿಳು ಕಂಚುಗಾರ, ಜಮೆಯಾಗಿದ್ದ ಪಾತ್ರೆಗಳಲ್ಲೊಂದರಿಂದ ತುಂಡು ಕತ್ತರಿಸಿ ತೂತಿಗೆ ಸುತ್ತಿದ. ಅವನಿಗೆ ಕನ್ನಡ ಬಾರದು. ಮೇಲಿದ್ದ ಅಕ್ಷರಗಳನ್ನು ಬಳ್ಳಿಯ ಚಿತ್ತಾರವೆಂದು ತಿಳಿದು, ಎದ್ದು ಕಾಣುವಂತೆ ಹೊರಮುಖವಾಗಿ ಕೂರಿಸಿದ.

ಮುಂದಿನ ತಿಂಗಳ ಮೊದಲ ದಿನ ರತ್ನಾವತಿ ಚೊಂಬನ್ನು ಕಂಕುಳಲ್ಲಿಟ್ಟುಕೊಂಡು ಆಚಾರ್ಯರು ವಾಸವಿದ್ದ ಮಾಳಿಗೆ ಹತ್ತಿದರು. ಅಡುಗೆಮನೆಯ ಕೊಳಾಯಿಯ ಮೈಮೇಲೆ ಅವರ ಹೆಸರಿತ್ತು. ಅದರ ಅಂಚಿನಲ್ಲಿ ಆಗಲೇ ಹಸಿರು ಕಟ್ಟಿತ್ತು.

"ಆಚಾರ್ರೇ, ಕಾಫಿ ಆಯ್ತಾ?"

"ಆಯ್ತು."

"ನನ್ನ ಹರಿವಾಣ ಹೇಗಿತ್ತು?"

ಜಮೆಯಾದ ತಾಮ್ರ ಮಾಲೀಕರದ್ದೆಂದು ಆಚಾರ್ಯರು ವಿವರಿಸಿದರು.

"ಹೆಸರು ಇದ್ದವರದ್ದೇ ಪಾತ್ರೆ ಅಲ್ಲವಾ, ಮಾರಾಯ್ರೆ? ನಿಮ್ಮ ಮಗಳ ಮದುವೆಗೆ ತಂದ ಎರವಲು ಪಾತ್ರೆಗಳನ್ನು ನೀವು ಹೆಸರು ನೋಡಿಯೇ ವಾಪಸು ಕೊಟ್ಟದ್ದು."

ಆಚಾರ್ಯರು ನ್ಯಾಯವಂತರು. ಸಂಜೆಯೊಳಗೆ ತಿದ್ದುಪಡಿ ಹೊರಟಿತು: ಮಾಲೀಕರೂ ಬಾಡಿಗೆದಾರರ ತಾಮ್ರವನ್ನು ಸೇವಿಸುತ್ತಿರುವುದು ದೃಢಪಟ್ಟಿರುವುದರಿಂದ, ಅವರೂ ತಿಂಗಳ ಮೊದಲ ದಿನ ಶ್ರೀಮತಿ ರತ್ನಾವತಿಯವರಿಗೆ ಒಂದು ಪಾತ್ರೆಯನ್ನು ಹಿಂದಿರುಗಿಸತಕ್ಕದ್ದು.

ಅಲ್ಲಿಂದ ಮುಂದೆ ತಿಂಗಳ ಮೊದಲ ದಿನ ರತ್ನಾವತಿ ತಿಕ್ಕಿದ ಚೊಂಬನ್ನು ಮೇಲೆ ಒಯ್ದು ಒಪ್ಪಿಸುತ್ತಿದ್ದರು. ಆಚಾರ್ಯರು ಅದನ್ನು ತಿರುಗಿಸಿ ನೋಡಿ, ಹುಳಿ ಸಾಲದೆಂದೋ ಸರಿಯಿದೆಯೆಂದೋ ಹೇಳಿ ಸ್ವೀಕರಿಸಿ, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಅದೇ ಚೊಂಬು ಹಿಡಿದು ಅವರ ಹಿಂದೆಯೇ ಇಳಿದುಬಂದು ಹಿಂದಿರುಗಿಸುತ್ತಿದ್ದರು.

ಉಳಿದ ಬಾಡಿಗೆದಾರರು ತಾವು ಕೊಡುವ ಪಾತ್ರೆಗಳ ಮೇಲೆ ಹೆಸರನ್ನು ಆದಷ್ಟು ದೊಡ್ಡದಾಗಿ ಕೆತ್ತಿಸಿ, ಮೇಲಿನ ಕೊಳಾಯಿ ಮತ್ತೆ ತೂತಾಗುವುದನ್ನೇ ಕಾಯುತ್ತಿದ್ದರು. ನೀರು ಹಸಿರಾಗಿಯೇ ಬರುತ್ತಿತ್ತು. ಆ ಬಗ್ಗೆ ಯಾರದೂ ದೂರಿರಲಿಲ್ಲ.