ವಸತಿಗೃಹದ ಹಿತ್ತಲಿನಲ್ಲಿ ಹಳೇ ಸಾಮಾನಿನ ಕೋಳಿಗೂಡು ಕಟ್ಟಿಕೊಂಡ ಬಗ್ಗೆ

ಹೆಸರು ಪ್ರಕಟಿಸಲು ಇಚ್ಛಿಸದ ಇಲಾಖೆ, ತುಮಕೂರು
ಸಂಖ್ಯೆ: ವಗೃ/ಹಿತ್ತಲು/ಕೋಗೂ/ಹುಂಜ-1

ಸುತ್ತೋಲೆ

ವಿಷಯ: ಕ್ಯಾತ್ಸಂದ್ರದ ನೌಕರರ ವಸತಿಗೃಹದ ಹಿತ್ತಲುಗಳಲ್ಲಿ ಗುಜರಿ ಸಾಮಾನಿನಿಂದ ಕೋಳಿಗೂಡು ಕಟ್ಟುವ, ಕಟ್ಟಿದ್ದನ್ನು ನಿಲ್ಲಿಸುವ ಹಾಗೂ ನಿಂತಿದ್ದನ್ನು ಸಹಿಸುವ ಕುರಿತು.

ಉಲ್ಲೇಖ: (1) ಅಧೀಕ್ಷಕರ ತೆರವು ನೋಟಿಸು.
(2) ಸದರಿ ನೋಟಿಸಿಗೆ ಹುಂಜವು ಪ್ರತಿದಿನ ಬೆಳಗಿನ ಜಾವ ನೀಡುತ್ತಿರುವ ಮೌಖಿಕ ಉತ್ತರ.

ಪ್ರಸ್ತಾವನೆ:

ಮೇಲ್ಕಂಡ ವಿಷಯದಲ್ಲಿ ನೌಕರರಲ್ಲೂ ನೌಕರರ ಮನೆಯವರಲ್ಲೂ ಬಗೆಬಗೆಯ ಕಥೆಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದಂತೆ ಮೊದಲು ದಾಖಲಿಸಿ, ಆಮೇಲೆ ಸೂಚನೆಗಳನ್ನು ನೀಡುವುದು ಸೂಕ್ತವೆಂದು ತೀರ್ಮಾನಿಸಲಾಗಿದೆ.

ಈ ಕಚೇರಿಯ ರವಾನೆ ವಿಭಾಗದ ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಸುಧಾ ಅವರಿಗೆ ಕಳೆದ ವರ್ಷ ಕೆಳ ಅಂತಸ್ತಿನ ಮನೆ ಮಂಜೂರಾಯಿತು. ಮನೆಗೊಂದು ಹಿತ್ತಲೂ ಇದೆಯೆಂಬ ಸುದ್ದಿ ಗುಬ್ಬಿ ತಾಲ್ಲೂಕು ಸಿ.ಎಸ್. ಪುರದಲ್ಲಿರುವ ಅವರ ದೊಡ್ಡಮ್ಮ ದೊಡ್ಡಗಂಗಮ್ಮನವರ ಕಿವಿಗೆ ಬಿತ್ತು. ಮುಂದಿನ ಸಲ ಸುಧಾ ಊರಿಗೆ ಹೋದಾಗ ದೊಡ್ಡಗಂಗಮ್ಮನವರು ಮೂರು ಹೇಂಟೆ ಮತ್ತು ಒಂದು ಹುಂಜವನ್ನು ಕಾಲು ಕಟ್ಟಿ ಚೀಲಕ್ಕೆ ಹಾಕಿ ಕೈಗಿತ್ತರು. “ಹಿತ್ಲು ಐತೆ ಅಂತೀಯ, ಏನ್ ಹಾಕಿದ್ದೀಯ ಅಂದ್ರೆ ಏನೂ ಇಲ್ಲ ಅಂತೀಯ. ಇಕಾ, ತಕಂಡೋಗವ್ವ” ಎಂದು ಅವರು ಹೇಳಿರುವುದು ದೃಢಪಟ್ಟಿದೆ.

ತಾತ್ಕಾಲಿಕ ಕ್ರಮವಾಗಿ ಕೋಳಿಗಳಿಗೆ ಬಚ್ಚಲುಮನೆಯಲ್ಲಿ ವಸತಿ ಕಲ್ಪಿಸಲಾಯಿತು. ಸುಧಾ ಅವರ ಪತಿ ಶ್ರೀ ಸಂತೋಷ್ ಬೆಳಿಗ್ಗೆ ಕುಣಿಗಲ್‌ಗೆ ಕೆಲಸಕ್ಕೆ ಹೊರಡುವವರು. ಎರಡನೆಯ ದಿನವೇ ಅವರು ಟವೆಲ್ ಸುತ್ತಿಕೊಂಡು ಹೊರಬಂದರು.

“ಆ ಹುಂಜ ನೋಡ್ತಾನೇ ಇದೆ ಕಣೇ! ನಾನ್ ಹೆಂಗ್ ಸ್ನಾನ ಮಾಡ್ಲಿ? ಯಾರಾದ್ರೂ ಕಾರ್ಪೆಂಟರ್‌ನ ಕರ್ಸು.”

“ಯಾರೂ ಬೇಡ. ನಾನೇ ಕಟ್ತೀನಿ.”

“ನೀನಾ? ಮೊಳೆ ಹೊಡೆಯೋಕ್ ಬರುತ್ತಾ ನಿಂಗೆ?”

ಬರುತ್ತಿರಲಿಲ್ಲ. ಆದರೆ ಸೇವೆಗೆ ಸೇರಿದಂದಿನಿಂದ ಸುಧಾ ಅವರು ಕಾಗದಕ್ಕೆ ಅಂಟು ಹಚ್ಚಿದ್ದಾರೆ, ಮೊಹರು ಒತ್ತಿದ್ದಾರೆ, ಬೇರೆಯವರು ಬರೆದದ್ದನ್ನು ಬೇರೆಯವರಿಗೆ ಕಳುಹಿಸಿದ್ದಾರೆ. ಇದು ನಾನು ಮಾಡಿದ್ದು ಎಂದು ಬೆರಳು ಮಾಡಿ ತೋರಿಸಲು ಒಂದೂ ಇರಲಿಲ್ಲ. ಈ ಭಾವನೆಯು ಸೇವಾ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಪ್ರಕರಣದ ಮೂಲ ಅದೇ ಆಗಿರುತ್ತದೆ.

ಭಾನುವಾರಗಳಂದು ಕೆಲಸ ನಡೆಯಿತು. ಕಚೇರಿಯ ಗುಜರಿ ಹರಾಜಿನಲ್ಲಿ ಯಾರೂ ಕೂಗದೆ ಉಳಿದಿದ್ದ, ಕಾಲು ಸೊಟ್ಟಗಿದ್ದ ಕಡತದ ರ‍್ಯಾಕನ್ನು ಅವರು ಅನುಮತಿ ಪಡೆದು ತಂದರು. ಅದರ ಖಾನೆಗಳ ಮೇಲೆ ಬಿಳಿ ಬಣ್ಣದಲ್ಲಿ ‘ತುರ್ತು’, ‘ಮೇಲ್ಮನವಿ’, ‘ವಿಲೇವಾರಿಗೆ ಬಾಕಿ’ ಎಂದು ಬರೆದಿತ್ತು, ಉಜ್ಜಿದರೂ ಹೋಗಲಿಲ್ಲ. ಆ ಖಾನೆಗಳೇ ಕೋಳಿಗಳು ಮೊಟ್ಟೆಯಿಡುವ ಜಾಗವಾದವು. ಕೋರ ಗ್ರಾಮದ ಹತ್ತಿರದ ಗುಜರಿ ಅಂಗಡಿಯಿಂದ ಕೆಟ್ಟ ಫ್ರಿಜ್ಜಿನ ಕಂಬಿ ತಟ್ಟೆಗಳು ಬಂದು ಕಿಟಕಿಯಾದವು. ವಸತಿಗೃಹದ ದುರಸ್ತಿಯಲ್ಲಿ ಕಿತ್ತೆಸೆದ ಜಾಲರಿ ಬಾಗಿಲುಗಳು ಓಡಾಡುವ ಅಂಗಳಕ್ಕೆ ಬೇಲಿಯಾದವು. ಮುರಿದ ಸನಿಕೆಯ ಮರದ ಹಿಡಿ ಕೋಳಿಗಳು ಕೂರುವ ಅಡ್ಡೆಯಾಯಿತು. ಮಳೆ ತಡೆಯಲು ಒಂದು ಹುಟ್ಟುಹಬ್ಬದ ಫ್ಲೆಕ್ಸ್ ಹೊದಿಸಲಾಯಿತು. ಚಿತ್ರದ ಮಗ್ಗುಲು ಒಳಗೆ ಬಂದದ್ದರಿಂದ ಕೋಳಿಗಳು ಅಂದಿನಿಂದ ಒಬ್ಬ ಯುವ ಮುಖಂಡರ ಕೈಮುಗಿದ ಭಂಗಿಯ ಕೆಳಗೇ ಮಲಗುತ್ತಿವೆ.

ಮೊದಲು ಹೊಡೆದ ಮೊಳೆಗಳೆಲ್ಲ ಸೊಟ್ಟಗಾದವು. ಸುಧಾ ಅವರ ಹೆಬ್ಬೆರಳು ಊದಿಕೊಂಡು, ವಾರವಿಡೀ ಮೊಹರುಗಳು ಓರೆಯಾಗಿ ಬಿದ್ದವು. ಆದರೆ ಬಾಗಿಲು ಕೀಲಿನ ಮೇಲೆ ಮೊದಲ ಸಲ ತಿರುಗಿ ಟಕ್ಕೆಂದು ಚಿಲಕಕ್ಕೆ ಕೂತಾಗ, ಅವರು ಸುಮ್ಮನೆ ಅದನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಸಂತೋಷ್ ಬಂದು ಸುತ್ತ ನೋಡಿ, “ಪರ್ವಾಗಿಲ್ಲ ಕಣೇ” ಎಂದರು. ಹೊಗಳಿಕೆಯಲ್ಲಿ ಅವರು ಇದಕ್ಕಿಂತ ಮುಂದೆ ಹೋದ ದಾಖಲೆ ಇಲ್ಲ.

ಸುಧಾ ಅವರ ಮನೆಯ ಮೇಲಿನ ಮನೆಯಲ್ಲಿ ಅಧೀಕ್ಷಕರಾದ ಶ್ರೀ ಬಸವರಾಜ್ ವಾಸವಾಗಿರುತ್ತಾರೆ. (ಈ ಸುತ್ತೋಲೆಗೆ ಸಹಿ ಮಾಡುತ್ತಿರುವವರೂ ಅವರೇ.) ಅವರು ಮೊಟ್ಟೆ ಮುಟ್ಟುವವರಲ್ಲ, ಬೇಗ ಏಳುವವರೂ ಅಲ್ಲ. ಹುಂಜಕ್ಕೆ ಇದ್ಯಾವುದೂ ತಿಳಿದಿರಲಿಲ್ಲ. ಪರಿಣಾಮವಾಗಿ, ಅಕ್ಕಪಕ್ಕದ ಕೆಲವರು ಸಹಿ ಹಾಕಿದ ದೂರೊಂದನ್ನೂ ಆಧರಿಸಿ, ಉಲ್ಲೇಖ (1)ರ ನೋಟಿಸು ಹೊರಟಿತು: ಒಂದು ವಾರದೊಳಗೆ ಗೂಡು ತೆರವುಗೊಳಿಸತಕ್ಕದ್ದು. ನೋಟಿಸು ಕ್ರಮಪ್ರಕಾರ ರವಾನೆ ವಿಭಾಗಕ್ಕೆ ಬಂತು. ಸುಧಾ ಅವರು ಅದಕ್ಕೆ ಸಂಖ್ಯೆ ಹಾಕಿ, ಮೊಹರು ಒತ್ತಿ, ಲಕೋಟೆಗೆ ಅಂಟು ಹಚ್ಚಿ, ತಮಗೆ ತಾವೇ ತಲುಪಿಸಿಕೊಂಡು, ಸ್ವೀಕೃತಿಗೆ ಸಹಿ ಮಾಡಿದರು. ಆಮೇಲೆ ಲಕೋಟೆ ಒಡೆದು, ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಓದಿದರು. ನೇರ ಅಧೀಕ್ಷಕರ ಮೇಜಿನ ಮುಂದೆ ಹೋಗಿ ನಿಂತರು.

“ಸಾರ್, ಹುಂಜಕ್ಕೆ ಓದಕ್ಕೆ ಬರಲ್ಲ. ಕೂಗೋದು ಅದು, ಮನೆ ಒಡೀಬೇಕಾದ್ದು ನಾನು. ಇದ್ಯಾವ ನ್ಯಾಯ ಸಾರ್?”

“ರೂಲ್ಸ್ ಅಂದ್ರೆ ರೂಲ್ಸ್ ಅಮ್ಮ,” ಎಂದು ಅಧೀಕ್ಷಕರು ಕಡತದಿಂದ ತಲೆ ಎತ್ತದೆ ಉತ್ತರಿಸಿದರು. ಎತ್ತಿದ್ದರೆ ಹೇಳಲಾಗುತ್ತಿರಲಿಲ್ಲ ಎಂಬುದು ಅವರ ಈಗಿನ ಹೇಳಿಕೆ.

ಗಡುವು ಮುಗಿಯುವ ಮುಂಚಿನ ಭಾನುವಾರ ಬೆಳಿಗ್ಗೆ ಸುಧಾ ಹಾಲು ತರಲು ಹೋಗಿದ್ದರು. ಸಂತೋಷ್ ಮಲಗಿದ್ದರು. ಹುಂಜದ ದಯೆಯಿಂದ ಎದ್ದುಬಿಟ್ಟಿದ್ದ ಅಧೀಕ್ಷಕರು ಮೇಲಿನ ಬಾಲ್ಕನಿಯಲ್ಲಿ ನಿಂತು ನೋಡುತ್ತಿರಲಾಗಿ, ಒಂದು ಬೀದಿನಾಯಿ ಜಾಲರಿಯ ಬುಡದಲ್ಲಿ ಮಣ್ಣು ಕೆರೆದು, ತೂರಿ, ಕರಿ ಹೇಂಟೆಯನ್ನು ಕಚ್ಚಿ ಹಿಡಿಯಿತು. ಅಧೀಕ್ಷಕರು ಬನಿಯನ್ ಮತ್ತು ಪಂಚೆಯಲ್ಲಿ, ಕೈಗೆ ಸಿಕ್ಕ ಛತ್ರಿ ಹಿಡಿದು ಮೆಟ್ಟಿಲಿಳಿದರು. ಛತ್ರಿ ಮುರಿಯಿತು. ನಾಯಿ ಹೇಂಟೆಯನ್ನು ಬಿಟ್ಟು ಓಡಿತು.

ಸುಧಾ ಹಾಲಿನ ಪ್ಯಾಕೆಟ್ ಹಿಡಿದು ಬಂದಾಗ ಕಂಡದ್ದು: ಅಂಗಳದ ತುಂಬ ಪುಕ್ಕ, ಬೇಲಿಯ ಬುಡದಲ್ಲಿ ಗುಂಡಿ, ನಡುವೆ ತಮ್ಮ ಮೇಲಧಿಕಾರಿ, ಕಂಕುಳಲ್ಲಿ ಹುಂಜ, ಎದೆಗೆ ಅವಚಿಕೊಂಡ ಹೇಂಟೆ. ಹೇಂಟೆಯ ಒಂದು ಕಾಲು ಜೋತುಬಿದ್ದಿತ್ತು, ಆದರೆ ಜೀವವಿತ್ತು. ಸುಧಾ ಹಾಲಿನ ಪ್ಯಾಕೆಟ್ ಕೆಳಗಿಟ್ಟು, ಅಳುತ್ತಲೇ ಗುಂಡಿಗೆ ಕೈಯಿಂದ ಮಣ್ಣು ತಳ್ಳತೊಡಗಿದರು.

“ನಾನ್ ಕಟ್ಟಿದ್ದು ನಿಲ್ಲಲಿಲ್ಲ ಸಾರ್. ನೀವೇನೂ ಒಡ್ಸೋದ್ ಬೇಡ. ನಾನೇ ಕಿತ್ತಾಕ್ತೀನಿ.”

“ಯಾರಮ್ಮ ನಿಲ್ಲಲಿಲ್ಲ ಅಂದಿದ್ದು? ಬಾಗ್ಲು ನೋಡು, ಚಿಲ್ಕ ನೋಡು, ಒಂದಾದ್ರೂ ಅಲ್ಲಾಡಿದ್ಯಾ? ಬುಡ ಒಂದು ಗಟ್ಟಿಯಾಗ್ಬೇಕು, ಅಷ್ಟೇ. ಅಳ್ಬೇಡ. ಮೊದ್ಲು ಈ ಹುಂಜ ಹಿಡ್ಕೊ, ಕುಕ್ತಾ ಇದೆ.”

ಅಧೀಕ್ಷಕರು ಮೇಲೆ ಹೋಗಿ ಅಂಗಿ ತೊಟ್ಟು ಬಂದು, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಗೋಣಿ ಹೊದಿಸಿ ಇಟ್ಟಿದ್ದ ಚಪ್ಪಡಿ ಕಲ್ಲುಗಳನ್ನು ತೋರಿಸಿದರು. ಗುಬ್ಬಿಯಲ್ಲಿದ್ದ ಅವರ ಮನೆಯ ಮುಂಭಾಗ ರಸ್ತೆ ಅಗಲ ಮಾಡುವಾಗ ಹೋಯಿತು. ಜಗಲಿಯ ಈ ಕಲ್ಲುಗಳನ್ನು ಅವರು ಲಾರಿಯಲ್ಲಿ ತಂದಿಟ್ಟು, ಪ್ರತಿ ವರ್ಗಾವಣೆಯಲ್ಲೂ ಜೊತೆಗೆ ಸಾಗಿಸಿದ್ದರು. ಹಾಸಲು ಜಾಗವಿರಲಿಲ್ಲ, ಬಿಸಾಡಲು ಮನಸ್ಸಿರಲಿಲ್ಲ. ಸಾಯಂಕಾಲಗಳಲ್ಲಿ ಅವರ ತಂದೆ ಅವುಗಳ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರೆಂಬುದು ಈ ಸುತ್ತೋಲೆಗೆ ಅಪ್ರಸ್ತುತ. ಆದರೂ ದಾಖಲಿಸಲಾಗಿದೆ.

“ಬೇಡ ಸಾರ್, ಅಪ್ಪನ ಕಲ್ಲು. ಕೋಳಿ ಗಲೀಜ್ ಮಾಡ್ತವೆ.”

“ಮಾಡ್ಲಿ ಬಿಡಮ್ಮ. ಕತ್ಲಲ್ಲಿ ಬಿದ್ದಿರೋದಕ್ಕಿಂತ ವಾಸಿ.”

ಸಂತೋಷ್ ಅವರನ್ನು ಎಬ್ಬಿಸಲಾಯಿತು. ಮೂವರೂ ಸೇರಿ ಜಾಲರಿಯ ಬುಡದ ಸುತ್ತ ಚಪ್ಪಡಿಗಳನ್ನು ಅರ್ಧ ಹೂತು ಅರ್ಧ ಹಾಸಿದರು. ಎಲ್ಲಿ ಯಾವ ಕಲ್ಲು ಎಂಬುದನ್ನು ಸುಧಾ ಅವರೇ ಹೇಳಿದರು. ಅವರು ಹೇಳಿದಂತೆ ಅಧೀಕ್ಷಕರು ಕೇಳಿದರು. ನಾಯಿ ಮತ್ತೆರಡು ಸಲ ಬಂದು, ಕಲ್ಲು ಕೆರೆದು, ಮೂಸಿ, ಹೋಯಿತು.

ಮೇಲ್ಕಂಡ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಗೂಡಿಗೆ ಬಳಸುವ ಪ್ರತಿಯೊಂದು ಸಾಮಾನೂ ಈ ಮೊದಲು ಕನಿಷ್ಠ ಒಂದು ಕೆಲಸಕ್ಕೆ ಬಾರದೆ ಹೋಗಿರತಕ್ಕದ್ದು. ಹೊಸ ಸಾಮಾನು ಬಳಸಿದ್ದು ಕಂಡುಬಂದಲ್ಲಿ, ಅದು ಹಳತಾಗುವವರೆಗೆ ಕೋಳಿ ಬಿಡುವಂತಿಲ್ಲ.

2. ಹುಂಜವು ಆರು ಗಂಟೆಯ ನಂತರವೇ ಕೂಗತಕ್ಕದ್ದು. ಮೊದಲೇ ಕೂಗಿದಲ್ಲಿ ಅದನ್ನು ಮುಂಗಡ ಕೂಗೆಂದು ಪರಿಗಣಿಸಿ ಮರುದಿನದ ಕೂಗಿನಲ್ಲಿ ಕಡಿತಗೊಳಿಸಲಾಗುವುದು. ಎರಡನೇ ಶನಿವಾರ ಪೂರ್ಣ ರಜೆ.

3. ಗೂಡಿನ ಮುಂದೆ ನಿಂತು ಸಲಹೆ ನೀಡುವವರು ಕೈಯಲ್ಲಿ ಸುತ್ತಿಗೆ ಹಿಡಿದಿರತಕ್ಕದ್ದು. “ನಮ್ಮೂರಲ್ಲಿ ಹಿಂಗಲ್ಲ ಕಣಮ್ಮ” ಎಂದು ಆರಂಭಿಸುವವರು ತಮ್ಮೂರಿಗೆ ಹೋಗಿ ಹೇಳಿಬರಲು ಒಂದು ದಿನದ ಸಾಂದರ್ಭಿಕ ರಜೆ ಪಡೆಯಬಹುದು.

4. ‘ತುರ್ತು’ ಖಾನೆಯಲ್ಲಿ ಈವರೆಗೆ ಒಂದು ಮೊಟ್ಟೆಯೂ ಬಿದ್ದಿರುವುದಿಲ್ಲ. ಈ ಇಲಾಖೆಯ ಪರಂಪರೆಯನ್ನು ಗಮನಿಸಿ ಕೋಳಿಗಳಿಂದ ವಿವರಣೆ ಕೇಳುವುದನ್ನು ಕೈಬಿಡಲಾಗಿದೆ.

5. ಹುಂಜದ ವಿರುದ್ಧ ದೂರಿಗೆ ಸಹಿ ಹಾಕಿದವರು, ವಾಟ್ಸಾಪ್ ಗುಂಪಿನಲ್ಲಿ “ಅಕ್ಕ, ನಾಟಿ ಮೊಟ್ಟೆ ಇದ್ಯಾ” ಎಂದು ಕೇಳುವ ಮೊದಲು ದೂರನ್ನು ಹಿಂಪಡೆಯತಕ್ಕದ್ದು.

6. ಚಾವಣಿಯ ಯುವ ಮುಖಂಡರು ಮುಂದೆ ಚುನಾಯಿತರಾದಲ್ಲಿ, ಅವರ ಮುಖವನ್ನು ಹೊರಗೆ ತಿರುಗಿಸುವ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಸೋತಲ್ಲಿ ಯಥಾಸ್ಥಿತಿ.

7. ತೆರವು ನೋಟಿಸು ತಪ್ಪಾಗಿತ್ತೆಂದು ಒಪ್ಪಿಕೊಳ್ಳಲು ಇಲಾಖೆಯಲ್ಲಿ ನಿಗದಿತ ನಮೂನೆ ಲಭ್ಯವಿರುವುದಿಲ್ಲ. ಆದ ಕಾರಣ ಸದರಿ ನೋಟಿಸನ್ನು ‘ವಿಲೇವಾರಿಗೆ ಬಾಕಿ’ ಖಾನೆಯಲ್ಲಿ ಹುಲ್ಲಿನ ಕೆಳಗೆ ಇಡಲಾಗಿದೆ. ಕಾಲು ನೆಟ್ಟಗಾದ ಕರಿ ಹೇಂಟೆ ಈಗ ಅದರ ಮೇಲೆ ಕಾವು ಕುಳಿತಿರುತ್ತದೆ. ಮರಿಗಳಾಗುವವರೆಗೆ ನೋಟಿಸನ್ನು ಯಾರೂ ಕೇಳುವಂತಿಲ್ಲ. ಆದ ಮೇಲೆ ಅದು ಓದುವ ಸ್ಥಿತಿಯಲ್ಲಿರುವುದಿಲ್ಲ.

ಈ ಸೂಚನೆಗಳನ್ನು ಮನುಷ್ಯರು ತಪ್ಪದೆ ಪಾಲಿಸುವುದು. ಕೋಳಿಗಳು ಸಾಧ್ಯವಾದಷ್ಟು.

ಸಹಿ/-
(ಬಸವರಾಜ್)
ಅಧೀಕ್ಷಕರು

ಪ್ರತಿಗಳು:
1. ಎಲ್ಲ ವಸತಿಗೃಹ ನಿವಾಸಿಗಳಿಗೆ, ಬಾಗಿಲ ಕೆಳಗೆ ತೂರಿಸಲು.
2. ಶ್ರೀಮತಿ ದೊಡ್ಡಗಂಗಮ್ಮ, ಸಿ.ಎಸ್. ಪುರ ಇವರಿಗೆ, ಮಾಹಿತಿಗಾಗಿ. ಸದ್ಯಕ್ಕೆ ಮೇಕೆ ಕಳುಹಿಸಬಾರದೆಂಬ ವಿನಂತಿಯೊಂದಿಗೆ.
3. ಶ್ರೀ ಸಂತೋಷ್ ಇವರಿಗೆ. ಬಚ್ಚಲುಮನೆಯನ್ನು ಅವರ ವಶಕ್ಕೆ ಮರಳಿಸಲಾಗಿದೆ.
4. ಹುಂಜಕ್ಕೆ, ಯಾರಾದರೂ ಓದಿ ಹೇಳುವುದು.
5. ಅಧೀಕ್ಷಕರ ಮನೆಯವರಿಗೆ. ಬೆಳಗಿನ ಹೊತ್ತು ಅಧೀಕ್ಷಕರು ಮನೆಯೊಳಗೆ ಕಾಣದಿದ್ದಲ್ಲಿ ಗಾಬರಿಯಾಗಬಾರದು. ಕಾಫಿಯನ್ನು ಹಿತ್ತಲಿಗೇ ಕಳುಹಿಸುವುದು.